ಮನೆ ನಿಮ್ಮದು, ವಿಳಾಸ ಬಾಡಿಗೆಗೆ

ವೆಬ್‌ಸೈಟ್ ನಡೆಸುವವರಿಗೆ ಸಲಹೆ ಕೊಡುವ ಒಂದು ಜಾತಿಯ ಬರಹ ಇದೆ. ನೀವೂ ಓದಿರ್ತೀರಿ. ತಲೆಬರಹದಲ್ಲಿ ಒಂದು ಅಂಕಿ, ಮೊದಲ ಸಾಲಲ್ಲಿ ‘ಇಂದಿನ ಡಿಜಿಟಲ್ ಯುಗದಲ್ಲಿ’, ಕೊನೆಯಲ್ಲಿ ಒಂದು ಕೂಪನ್ ಕೋಡ್. ಇತ್ತೀಚೆಗೆ ಈ ಬರಹಗಳು ಒಂದು ಸರಕನ್ನು ಹೊತ್ತು ತಿರುಗ್ತಿವೆ: ರೆಸಿಡೆನ್ಷಿಯಲ್ ಪ್ರಾಕ್ಸಿ. ಸೈಟ್ ಹೋಸ್ಟ್ ಮಾಡೋದಕ್ಕೆ, ಡೊಮೇನ್ ನೋಡಿಕೊಳ್ಳೋದಕ್ಕೆ ಇದು ಬೇಕೇ ಬೇಕು ಅನ್ನೋದು ಅವುಗಳ ವಾದ. ಸುರಕ್ಷತೆ ಹೆಚ್ಚುತ್ತಂತೆ, ವೇಗ ಹೆಚ್ಚುತ್ತಂತೆ, ಖಾಸಗಿತನ ಉಳಿಯುತ್ತಂತೆ, ಎಸ್‌ಇಒ ಕೂಡ ಸುಧಾರಿಸುತ್ತಂತೆ. ತಲೆನೋವು, ಸೊಂಟನೋವು, ನೆಗಡಿ ಎಲ್ಲಕ್ಕೂ ಒಂದೇ ತೈಲ ಮಾರುವ ಬಸ್‌ಸ್ಟ್ಯಾಂಡ್ ವ್ಯಾಪಾರಿ ನೆನಪಾಗ್ತಾನೆ.

ಹತ್ತು ವರ್ಷಕ್ಕೂ ಮೇಲಾಯ್ತು, ಬೇರೆಯವರ ಸೈಟುಗಳನ್ನೂ ಡೊಮೇನುಗಳನ್ನೂ ನೋಡಿಕೊಳ್ಳೋದು ನನ್ನ ಹೊಟ್ಟೆಪಾಡು. ಈ ಸರಕಿನ ಜಾಹೀರಾತು ವಾರಕ್ಕೊಂದಾದರೂ ನನ್ನ ಇನ್‌ಬಾಕ್ಸಿಗೆ ಬರುತ್ತೆ. ಹಾಗಾಗಿ ಪುಸ್ತಕವೊಂದನ್ನು ವಿಮರ್ಶೆ ಮಾಡುವ ಹಾಗೆಯೇ ಇದನ್ನೂ ನೋಡೋಣ ಅನ್ನಿಸ್ತು. ಇದು ಏನು ಹೇಳುತ್ತೆ, ಹೇಳಿದ್ದನ್ನು ಮಾಡುತ್ತಾ, ಹೇಳದೆ ಬಿಟ್ಟಿದ್ದು ಯಾವುದು?

ಮೊದಲು ಪದಾರ್ಥ ಏನು ಅಂತ ನೋಡೋಣ. ಇಂಟರ್‌ನೆಟ್‌ನಲ್ಲಿ ನೀವು ಎಲ್ಲಿಗೆ ಹೋದರೂ ನಿಮ್ಮ ಐಪಿ ವಿಳಾಸ ಜೊತೆಗೇ ಹೋಗುತ್ತೆ. ಆ ವಿಳಾಸ ಯಾವ ಸಂಸ್ಥೆಯ ಜಾಲಕ್ಕೆ ಸೇರಿದ್ದು ಅನ್ನೋದು ಗುಟ್ಟೇನಲ್ಲ, ಯಾರು ಬೇಕಾದರೂ ಹುಡುಕಿ ನೋಡಬಹುದು. ಅಮೆಜಾನ್‌ನಂಥ ಕ್ಲೌಡ್ ಕಂಪನಿ ತನ್ನ ವಿಳಾಸಗಳ ಪಟ್ಟಿಯನ್ನು ತಾನೇ ಬಹಿರಂಗವಾಗಿ ಇಟ್ಟಿದೆ. ಆದ್ದರಿಂದ ಡೇಟಾ ಸೆಂಟರಿನಿಂದ ಬಂದ ವಿನಂತಿಯನ್ನು ಸೈಟುಗಳು ಅನುಮಾನದಿಂದ ನೋಡ್ತವೆ: ಮನುಷ್ಯರು ಡೇಟಾ ಸೆಂಟರಿನಲ್ಲಿ ಕೂತು ಸೀರೆ ಹುಡುಕಲ್ಲ, ಇದು ಯಾವುದೋ ಪ್ರೋಗ್ರಾಂ ಇರಬೇಕು ಅಂತ. ಅದೇ ಬಿಎಸ್‌ಎನ್‌ಎಲ್ ಅಥವಾ ಜಿಯೋದ ಮನೆ ಕನೆಕ್ಷನ್‌ನಿಂದ ಬಂದರೆ ‘ಬನ್ನಿ ಬನ್ನಿ’ ಅಂತವೆ. ರೆಸಿಡೆನ್ಷಿಯಲ್ ಪ್ರಾಕ್ಸಿ ಅಂದರೆ, ನಿಮ್ಮ ವಿನಂತಿಯನ್ನು ಯಾರದೋ ಮನೆಯ ಕನೆಕ್ಷನ್ ಮೂಲಕ ಹಾಯಿಸಿ, ಆ ಮನೆಯವರೇ ಕೇಳಿದ ಹಾಗೆ ತೋರಿಸುವ ವ್ಯವಸ್ಥೆ. ಕ್ಲೌಡ್‌ನಲ್ಲಿ ಡೇಟಾ ಹೊರಗೆ ಕಳಿಸೋದಕ್ಕೆ ಜಿಬಿಗೆ ಸೆಂಟ್‌ಗಳ ಲೆಕ್ಕ. ಇಲ್ಲಿ ಡಾಲರ್‌ಗಳ ಲೆಕ್ಕ. ನಿಧಾನವಾದ, ಯಾವಾಗ ಬೇಕಾದರೂ ಕಡಿದು ಹೋಗುವ ದಾರಿಗೆ ಇಷ್ಟು ಹೆಚ್ಚು ಬೆಲೆ ಯಾಕೆ? ನೀವು ದುಡ್ಡು ಕೊಡ್ತಿರೋದು ದಾರಿಗಲ್ಲ, ಆ ಮನೆಗಿರುವ ಮರ್ಯಾದೆಗೆ. ಇದೊಂದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಈಗ ಹೋಸ್ಟಿಂಗ್ ವಾದಕ್ಕೆ ಬರೋಣ. ಇದು ನಿಲ್ಲೋದೇ ಇಲ್ಲ. ವೆಬ್‌ಸೈಟಿಗೆ ಬೇಕಿರೋದು ಜನ ಹುಡುಕಿಕೊಂಡು ಬರಬಹುದಾದ ಒಂದು ಸ್ಥಿರ ವಿಳಾಸ. ರೆಸಿಡೆನ್ಷಿಯಲ್ ಪ್ರಾಕ್ಸಿಯ ಹೆಚ್ಚುಗಾರಿಕೆಯೇ ವಿಳಾಸ ಬದಲಾಗುತ್ತಿರೋದು. ಪ್ರತಿ ವಿನಂತಿಗೂ ಬೇರೆ ಮನೆ, ಅಥವಾ ಕೆಲವು ನಿಮಿಷಗಳಿಗೊಂದು ಮನೆ. ದಿನಕ್ಕೊಂದು ಬೀದಿಗೆ ಅಂಗಡಿ ಬದಲಾಯಿಸಿದರೆ ಗಿರಾಕಿ ಎಲ್ಲಿಗೆ ಬರಬೇಕು? ಅದೂ ಅಲ್ಲದೆ ನಮ್ಮಲ್ಲಿ ಬಹಳಷ್ಟು ಮನೆಗಳಿಗೆ ಸ್ವಂತದ ಸಾರ್ವಜನಿಕ ಐಪಿ ವಿಳಾಸವೇ ಇರಲ್ಲ. ಐಪಿವಿ4ರಲ್ಲಿ ಇರೋದೇ ಒಟ್ಟು ಸುಮಾರು 430 ಕೋಟಿ ವಿಳಾಸ. ಸಾಲದೆ ಬಂದು ಐಎಸ್‌ಪಿಗಳು ಒಂದೇ ವಿಳಾಸವನ್ನು ಹಲವು ಮನೆಗಳಿಗೆ ಹಂಚ್ತಾರೆ. ಇದಕ್ಕೆ ಕ್ಯಾರಿಯರ್ ಗ್ರೇಡ್ ನ್ಯಾಟ್ ಅಂತ ಹೆಸರು. ಅಂಥ ಮನೆಯಿಂದ ಹೊರಗೆ ಹೋಗಬಹುದು, ಹೊರಗಿನವರು ನೇರವಾಗಿ ಒಳಗೆ ಬರೋದಕ್ಕಾಗಲ್ಲ.

ಹಾಗಾದರೆ ‘ಹೋಸ್ಟಿಂಗ್‌ಗೆ ಪ್ರಾಕ್ಸಿ ಒಳ್ಳೆಯದು’ ಅನ್ನುವ ಮಾತು ಎಲ್ಲಿಂದ ಬಂತು? ನನಗನ್ನಿಸೋದು, ಇದು ರಿವರ್ಸ್ ಪ್ರಾಕ್ಸಿಯಿಂದ ಕದ್ದ ಹೊಗಳಿಕೆ. ಕ್ಲೌಡ್‌ಫ್ಲೇರ್‌ನಂಥವರು ಕೊಡೋದು ಅದನ್ನು. ನಿಮ್ಮ ಸರ್ವರ್ ಮುಂದೆ ನಿಂತು ಅದರ ನಿಜವಾದ ವಿಳಾಸ ಮರೆಮಾಡುತ್ತೆ, ದಾಳಿ ಬಂದರೆ ತಡೆಯುತ್ತೆ, ಓದುಗರ ಹತ್ತಿರದ ಊರಲ್ಲೇ ಪುಟದ ನಕಲು ಇಟ್ಟುಕೊಂಡು ಬೇಗ ಕೊಡುತ್ತೆ. ಸುರಕ್ಷತೆ, ವೇಗ ಎಲ್ಲಾ ನಿಜ. ಆದರೆ ಅದು ಮನೆ ಬಾಗಿಲ ವಾಚ್‌ಮನ್. ರೆಸಿಡೆನ್ಷಿಯಲ್ ಪ್ರಾಕ್ಸಿ ನೀವು ಹೊರಗೆ ಹೋಗುವಾಗ ಹಾಕಿಕೊಳ್ಳುವ ವೇಷ. ಎರಡರ ಹೆಸರಲ್ಲೂ ‘ಪ್ರಾಕ್ಸಿ’ ಇದೆ ಅಂತ ಒಂದರ ಗುಣವನ್ನು ಇನ್ನೊಂದಕ್ಕೆ ಅಂಟಿಸಿದ್ದಾರೆ.

ಮನೆಗಳ ಮೂಲಕ ಸೈಟ್ ನಡೆಸುವ ಒಂದು ವಿಧಾನ ಇರೋದಂತೂ ಹೌದು. ಅದರ ಹೆಸರು ಫಾಸ್ಟ್ ಫ್ಲಕ್ಸ್. ವೈರಸ್ ಹಿಡಿದ ಸಾವಿರಾರು ಮನೆ ಕಂಪ್ಯೂಟರುಗಳನ್ನು ಮುಂದೆ ನಿಲ್ಲಿಸಿ, ಡಿಎನ್‌ಎಸ್ ದಾಖಲೆಯನ್ನು ನಿಮಿಷಗಳ ಲೆಕ್ಕದಲ್ಲಿ ಬದಲಾಯಿಸುತ್ತಾ, ಹಿಂದಿರುವ ನಿಜವಾದ ಸರ್ವರ್ ಯಾರ ಕೈಗೂ ಸಿಗದ ಹಾಗೆ ಮಾಡೋದು. 2007ರಲ್ಲಿ ಹರಡಿದ ಸ್ಟಾರ್ಮ್ ಅನ್ನುವ ಬಾಟ್‌ನೆಟ್ ಇದರಿಂದಲೇ ಹೆಸರಾಗಿತ್ತು. 2025ರ ಏಪ್ರಿಲ್‌ನಲ್ಲಿ ಅಮೆರಿಕದ ಎನ್‌ಎಸ್‌ಎ, ಸಿಐಎಸ್‌ಎ ಮತ್ತು ಬೇರೆ ದೇಶಗಳ ಸಂಸ್ಥೆಗಳು ಸೇರಿ ಇದರ ಬಗ್ಗೆ ಎಚ್ಚರಿಕೆ ಕೊಟ್ಟವು. ನಿಮ್ಮ ಬೇಕರಿಯ ಸೈಟಿಗೆ ಇದು ಬೇಕಾಗಿಲ್ಲ ಅಂತ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ?

ಡೊಮೇನ್ ನಿರ್ವಹಣೆ ಅನ್ನೋದು ಸ್ವಲ್ಪ ಗಂಭೀರವಾದ ವಾದ. ಅದನ್ನು ಬಿಡಿಬಿಡಿಯಾಗಿ ನೋಡಬೇಕು.

ಡಿಎನ್‌ಎಸ್ ಬದಲಾವಣೆ ಎಲ್ಲ ಊರಿಗೂ ತಲುಪಿದೆಯಾ ಅಂತ ಪರೀಕ್ಷಿಸಬಹುದು ಅಂತಾರೆ. ಅದಕ್ಕೆ ಮನೆಗಳು ಬೇಡ. 1.1.1.1, 8.8.8.8, 9.9.9.9 ಮುಂತಾದ ಸಾರ್ವಜನಿಕ ರಿಸಾಲ್ವರುಗಳನ್ನು ನೇರವಾಗಿ ಕೇಳಿದರೆ ಉತ್ತರ ಸಿಗುತ್ತೆ, ಪುಕ್ಕಟೆ. ಉಳಿದದ್ದು ಟಿಟಿಎಲ್ ಮುಗಿಯುವ ತನಕ ಕಾಯುವ ತಾಳ್ಮೆ.

ಮಾಲೀಕರ ಗುರುತು ಮುಚ್ಚಿಡಬಹುದು ಅಂತಾರೆ. ಡೊಮೇನ್ ಯಾರ ಹೆಸರಲ್ಲಿದೆ ಅನ್ನೋದು ರಿಜಿಸ್ಟ್ರಾರ್ ಬಳಿಯ ದಾಖಲೆಯಲ್ಲಿರುತ್ತೆ. ನೀವು ಯಾವ ಐಪಿಯಿಂದ ಲಾಗಿನ್ ಆದರೂ ಆ ದಾಖಲೆ ಬದಲಾಗಲ್ಲ. 2018ರಲ್ಲಿ ಯುರೋಪಿನ ಜಿಡಿಪಿಆರ್ ಬಂದ ಮೇಲೆ ಡಾಟ್ ಕಾಮ್‌ನಂಥ ಡೊಮೇನುಗಳ ಸಾರ್ವಜನಿಕ ದಾಖಲೆಯಲ್ಲಿ ವೈಯಕ್ತಿಕ ವಿವರಗಳನ್ನು ಬಹುಮಟ್ಟಿಗೆ ಮರೆಮಾಡ್ತಾರೆ. ಅಂದರೆ ಆ ಕೆಲಸ ಆಗಲೇ ಆಗಿದೆ.

ಖಾತೆ ಸುರಕ್ಷಿತ ಅಂತಾರೆ. ಇದಂತೂ ಪೂರ್ತಿ ತಲೆಕೆಳಗು. ಬೆಳಗ್ಗೆ ಬೆಂಗಳೂರು, ಹತ್ತು ನಿಮಿಷಕ್ಕೆ ಹನೋಯ್, ಕಾಫಿ ಕುಡಿಯೋದರೊಳಗೆ ಬ್ರೆಜಿಲ್ ಅಂತ ಲಾಗಿನ್ ಆದರೆ ಯಾವ ರಿಜಿಸ್ಟ್ರಾರ್ ಆದರೂ ಖಾತೆ ಕಳುವಾಗಿದೆ ಅಂದುಕೊಂಡು ಬೀಗ ಹಾಕ್ತಾನೆ, ಹಾಕಬೇಕು ಕೂಡ. ಕೆಲವು ರಿಜಿಸ್ಟ್ರಾರುಗಳ ಎಪಿಐ ಬಳಸಬೇಕಾದರೆ ನಿಮ್ಮ ಸ್ಥಿರ ಐಪಿಯನ್ನು ಮೊದಲೇ ನೋಂದಾಯಿಸಬೇಕು. ಅಲ್ಲಿ ಬದಲಾಗುವ ವಿಳಾಸ ಕೆಲಸಕ್ಕೇ ಬರಲ್ಲ. ಇನ್ನು, ನಿಮ್ಮ ವ್ಯಾಪಾರದ ಬೇರು ಇರೋದೇ ಆ ಡೊಮೇನ್ ಖಾತೆಯಲ್ಲಿ. ಅದಕ್ಕೆ ಯಾರೋ ಅಪರಿಚಿತರ ಮನೆಯ ಡಬ್ಬಿಯ ಮೂಲಕ ಲಾಗಿನ್ ಆಗೋದು ಎಂಥಾ ಸುರಕ್ಷತೆ? ಎಚ್‌ಟಿಟಿಪಿಎಸ್ ಇದ್ದರೆ ಪಾಸ್‌ವರ್ಡ್ ಕಾಣಲ್ಲ, ನಿಜ. ಆದರೆ ನೀವು ಯಾವ ಸೈಟಿಗೆ, ಯಾವಾಗ ಹೋದಿರಿ ಅನ್ನೋದು ದಾರಿಯಲ್ಲಿ ನಿಂತವರಿಗೆ ಸಾಮಾನ್ಯವಾಗಿ ಕಾಣುತ್ತೆ.

ಸಾವಿರಾರು ಡೊಮೇನುಗಳ ಮಾಹಿತಿ ಒಟ್ಟಿಗೆ ಎಳೆಯಬಹುದು ಅಂತಾರೆ. ಹೌದು, ಎಳೆಯಬಹುದು. ರಿಜಿಸ್ಟ್ರಿಗಳು ಒಂದು ವಿಳಾಸದಿಂದ ಎಷ್ಟು ಸಲ ಕೇಳಬಹುದು ಅಂತ ಮಿತಿ ಇಟ್ಟಿರ್ತವೆ, ಪ್ರಾಕ್ಸಿ ಹಾಕಿದರೆ ಆ ಮಿತಿ ದಾಟಬಹುದು. ಆದರೆ ಅದಕ್ಕೂ ಮುಂಬಾಗಿಲು ಇದೆ. ಡಾಟ್ ಕಾಮ್‌ನಂಥ ಸಾಮಾನ್ಯ ವರ್ಗದ ಡೊಮೇನುಗಳ ಪೂರ್ತಿ ಪಟ್ಟಿಯನ್ನು ಐಕಾನ್ ಸಂಸ್ಥೆಯ ಸಿಝಡ್‌ಡಿಎಸ್ ಮೂಲಕ ಅರ್ಜಿ ಹಾಕಿ ಪಡೆಯಬಹುದು. ನಿಮ್ಮ ಬ್ರ್ಯಾಂಡಿನ ಹೆಸರಲ್ಲಿ ಯಾರಾದರೂ ನಕಲಿ ಸೈಟ್ ತೆಗೆದಿದ್ದಾರಾ ಅಂತ ನೋಡಲು ಸರ್ಟಿಫಿಕೇಟ್ ಟ್ರಾನ್ಸ್‌ಪರೆನ್ಸಿ ದಾಖಲೆಗಳಿವೆ, ಯಾರು ಬೇಕಾದರೂ ಹುಡುಕಬಹುದು. ಮುಂಬಾಗಿಲಲ್ಲಿ ಹೆಸರು ಹೇಳಬೇಕು, ಕಾರಣ ಹೇಳಬೇಕು. ಹಿತ್ತಿಲ ಬಾಗಿಲಿಗೆ ಗಿರಾಕಿ ಇರೋದು ಅದಕ್ಕೇ.

ಹೀಗೆ ಒಂದೊಂದೇ ಪದರ ಬಿಚ್ಚುತ್ತಾ ಹೋದರೆ ಕೊನೆಗೆ ಉಳಿಯೋದು ಒಂದೇ ಉಪಯೋಗ: ನಾನು ನಾನಲ್ಲ ಅಂತ ನಂಬಿಸೋದು. ರಾಜಾಜಿನಗರದಲ್ಲಿ ಸಣ್ಣದೊಂದು ಡಿಜಿಟಲ್ ಮಾರ್ಕೆಟಿಂಗ್ ಆಫೀಸ್ ಇಟ್ಟಿರುವ ಗೆಳೆಯನನ್ನು ಕೇಳಿದೆ. ಅವನು ತಿಂಗಳಾ ತಿಂಗಳಾ ಈ ಪ್ರಾಕ್ಸಿ ಕೊಳ್ತಾನೆ.

‘ಲೋ, ಇದನ್ನ ಯಾತಕ್ಕೋ ಬಳಸ್ತೀಯ?’

‘ಗುರು, ನೂರೈವತ್ತು ಡೊಮೇನ್ ಇದೆ. ಎಲ್ಲದರಿಂದನೂ ಕ್ಲೈಂಟ್ ಸೈಟಿಗೆ ಲಿಂಕ್ ಕೊಡ್ತೀವಿ. ಎಲ್ಲಾ ಒಬ್ಬನದೇ ಅಂತ ಗೂಗಲ್‌ಗೆ ಗೊತ್ತಾಗ್ಬಾರ್ದಲ್ಲ.’

‘ಯಾರ ಮನೆಯಿಂದ ಹೋಗ್ತಿದೆ ಅಂತಾದ್ರೂ ಗೊತ್ತಾ?’

‘ಅದು ನಮಗ್ಯಾಕೆ ಬೇಕು ಮಗಾ? ಡ್ಯಾಶ್‌ಬೋರ್ಡಲ್ಲಿ ಊರಿನ ಹೆಸರು ಮಾತ್ರ ತೋರಿಸುತ್ತೆ.’

ಅವನು ಕೆಟ್ಟವನಲ್ಲ. ಯಾರ ಮನೆ ಅಂತ ತಿಳಿಯೋದು ತನ್ನ ಕೆಲಸ ಅಲ್ಲ ಅಂತ ಪ್ರಾಮಾಣಿಕವಾಗಿ ನಂಬಿದ್ದಾನೆ. ಡ್ಯಾಶ್‌ಬೋರ್ಡನ್ನು ಹಾಗೇ ಕಟ್ಟಿದ್ದಾರೆ. ಅಲ್ಲಿ ದೇಶ ಇದೆ, ಊರು ಇದೆ, ಐಎಸ್‌ಪಿ ಇದೆ. ಮನುಷ್ಯ ಮಾತ್ರ ಇಲ್ಲ. ಈ ಸರಕಿನ ಬಗ್ಗೆ ನನ್ನ ದೊಡ್ಡ ತಕರಾರು ಇರೋದು ಅಲ್ಲೇ. ಹಾಗಾಗಿ ಆ ಮನುಷ್ಯನನ್ನು ಹುಡುಕಿಕೊಂಡು ಹೋಗೋಣ.

ಆ ಮನೆಗಳು ಎಲ್ಲಿಂದ ಬರ್ತವೆ? ಮೂರು ದಾರಿ. ಮೊದಲನೆಯದು, ‘ಉಚಿತ’ ಸಾಫ್ಟ್‌ವೇರ್. 2015ರಲ್ಲಿ ಹೋಲಾ ಅನ್ನುವ ಜನಪ್ರಿಯ ಉಚಿತ ವಿಪಿಎನ್ ಬಗ್ಗೆ ಗಲಾಟೆ ಆಯ್ತು. ಅದನ್ನು ಹಾಕಿಕೊಂಡವರ ಕನೆಕ್ಷನ್ನುಗಳನ್ನು ಲುಮಿನಾಟಿ ಅನ್ನುವ ಸೋದರ ಸೇವೆಯ ಮೂಲಕ ಮಾರಲಾಗ್ತಿತ್ತು. 8ಚಾನ್ ಅನ್ನುವ ಸೈಟಿನ ಮೇಲೆ ಆ ಜಾಲದ ಮೂಲಕವೇ ದಾಳಿ ನಡೆದಿದೆ ಅಂತ ಅದರ ಸ್ಥಾಪಕ ದೂರಿದ ಮೇಲೆ ಬಹಳ ಬಳಕೆದಾರರಿಗೆ ವಿಷಯ ಗೊತ್ತಾಯ್ತು. ಲುಮಿನಾಟಿ 2021ರಲ್ಲಿ ಬ್ರೈಟ್ ಡೇಟಾ ಅಂತ ಹೆಸರು ಬದಲಿಸಿಕೊಂಡು ಇವತ್ತು ಈ ಉದ್ಯಮದ ದೊಡ್ಡ ಹೆಸರುಗಳಲ್ಲಿ ಒಂದಾಗಿದೆ. ಎರಡನೆಯದು, ‘ನಿಮ್ಮ ಇಂಟರ್‌ನೆಟ್ ಹಂಚಿಕೊಳ್ಳಿ, ದುಡ್ಡು ಗಳಿಸಿ’ ಅನ್ನುವ ಆ್ಯಪುಗಳು. ಇಲ್ಲಿ ಒಪ್ಪಿಗೆ ಇದೆ, ಒಪ್ಪಿಕೊಳ್ಳೋಣ. ಆದರೆ ಏನನ್ನು ಹಂಚಿಕೊಂಡೆ ಅಂತ ಎಷ್ಟು ಜನಕ್ಕೆ ಅರ್ಥವಾಗಿದೆ? ಮನೆ ಕನೆಕ್ಷನ್ನನ್ನು ಬೇರೆಯವರಿಗೆ ಮಾರುವಂತಿಲ್ಲ ಅಂತ ಐಎಸ್‌ಪಿ ಷರತ್ತುಗಳಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತೆ, ಅದನ್ನೂ ಯಾರೂ ಓದಿರಲ್ಲ.

ಮೂರನೆಯದು, ನೇರ ಕಳ್ಳತನ. 2024ರ ಮೇ ತಿಂಗಳಲ್ಲಿ ಅಮೆರಿಕದ ನ್ಯಾಯ ಇಲಾಖೆ 911 ಎಸ್5 ಅನ್ನುವ ಪ್ರಾಕ್ಸಿ ಜಾಲವನ್ನು ಮುಚ್ಚಿಸಿ ಅದರ ನಿರ್ವಾಹಕನನ್ನು ಬಂಧಿಸಿದ್ದಾಗಿ ಹೇಳಿತು. ಸುಮಾರು 200 ದೇಶಗಳಲ್ಲಿ 1.9 ಕೋಟಿಗೂ ಹೆಚ್ಚು ಐಪಿ ವಿಳಾಸಗಳು ಅದರಲ್ಲಿದ್ದವು. ಮಾಸ್ಕ್‌ವಿಪಿಎನ್, ಡ್ಯೂವಿಪಿಎನ್ ಥರದ ಉಚಿತ ವಿಪಿಎನ್‌ಗಳು, ಕದ್ದ ಸಾಫ್ಟ್‌ವೇರುಗಳ ಜೊತೆ ಅಂಟಿ ಬಂದ ಫೈಲುಗಳು, ಇವೇ ಗಾಳ. ಆ ಮನೆಗಳ ಮರೆಯಲ್ಲಿ ಕೂತು ವಂಚಕರು ಕೋವಿಡ್ ಕಾಲದ ಪರಿಹಾರಕ್ಕೆ ಸುಳ್ಳು ಅರ್ಜಿ ಹಾಕಿದರು. 5,60,000 ಸುಳ್ಳು ನಿರುದ್ಯೋಗ ಭತ್ಯೆ ಅರ್ಜಿಗಳು ಆ ಜಾಲದ ವಿಳಾಸಗಳಿಂದ ಬಂದವು, ನಷ್ಟ 590 ಕೋಟಿ ಡಾಲರಿಗೂ ಹೆಚ್ಚು ಅಂತ ಅಲ್ಲಿನ ಸರ್ಕಾರದ ಅಂದಾಜು. ಒಂದು ಸಾಲನ್ನು ಮತ್ತೆ ಓದಿ: ಸರ್ಕಾರದ ಕಂಪ್ಯೂಟರಿಗೆ ಕಂಡದ್ದು ಸಾಮಾನ್ಯ ಕುಟುಂಬಗಳ ವಿಳಾಸ.

ಇದಾದ ಒಂದು ವರ್ಷಕ್ಕೆ, 2025ರ ಜೂನ್‌ನಲ್ಲಿ, ಎಫ್‌ಬಿಐ ಇನ್ನೊಂದು ಎಚ್ಚರಿಕೆ ಕೊಟ್ಟಿತು. ಬ್ಯಾಡ್‌ಬಾಕ್ಸ್ 2.0 ಅಂತ ಅದರ ಹೆಸರು. ಅಗ್ಗದ ಆಂಡ್ರಾಯ್ಡ್ ಟಿವಿ ಬಾಕ್ಸು, ಪ್ರೊಜೆಕ್ಟರು, ಡಿಜಿಟಲ್ ಫೋಟೋ ಫ್ರೇಮುಗಳಲ್ಲಿ ಕೆಲವಕ್ಕೆ ಕೊಳ್ಳುವ ಮೊದಲೇ ದುಷ್ಟ ಸಾಫ್ಟ್‌ವೇರ್ ಸೇರಿರುತ್ತೆ, ಕೆಲವಕ್ಕೆ ಸೆಟಪ್ ಮಾಡುವಾಗ ಸೇರುತ್ತೆ. ಆಮೇಲೆ ಅವು ಸದ್ದಿಲ್ಲದೆ ಮನೆಯ ಕನೆಕ್ಷನ್ನನ್ನು ಪ್ರಾಕ್ಸಿಯಾಗಿ ದುಡಿಸ್ತವೆ. ಮುಂದಿನ ತಿಂಗಳು ಗೂಗಲ್ ಹೂಡಿದ ಮೊಕದ್ದಮೆಯಲ್ಲಿ ಇಂಥ ಸಾಧನಗಳ ಸಂಖ್ಯೆ ಒಂದು ಕೋಟಿಗೂ ಹೆಚ್ಚು ಅಂದಿತು. ಎಸ್‌ಪಿ ರೋಡಿನಲ್ಲಿ, ಆನ್‌ಲೈನ್ ಸೇಲಿನಲ್ಲಿ ಹೆಸರಿಲ್ಲದ ಬ್ರ್ಯಾಂಡಿನ ಟಿವಿ ಬಾಕ್ಸ್ ಸಿಕ್ಕಾಗ ‘ಚೀಪಾಗಿದೆ, ಊರಲ್ಲಿ ಅಮ್ಮನಿಗೆ ಸೀರಿಯಲ್ ನೋಡೋಕಾಗುತ್ತೆ’ ಅಂತ ಕೊಳ್ಳುವ ಮೊದಲು ಈ ಸಂಖ್ಯೆ ನೆನಪಾಗಬೇಕು.

‘ಸರಿ ಬಿಡಪ್ಪ, ಸ್ವಲ್ಪ ಬ್ಯಾಂಡ್‌ವಿಡ್ತ್ ಹೋಗುತ್ತೆ ತಾನೇ, ಅನ್‌ಲಿಮಿಟೆಡ್ ಪ್ಲಾನ್ ಇದೆ’ ಅಂತ ನೀವು ಕೇಳಬಹುದು. ಬ್ಯಾಂಡ್‌ವಿಡ್ತ್ ಹೋಗಲಿ. ಹೋಗೋದು ಹೆಸರು.

ನಮ್ಮ ಊರಿನದೇ ಒಂದು ಪ್ರಕರಣ ಇದೆ. 2007ರ ಆಗಸ್ಟ್‌ನಲ್ಲಿ ಬೆಂಗಳೂರಿನ ಒಬ್ಬ ಟೆಕ್ಕಿಯನ್ನು ಪುಣೆ ಪೊಲೀಸರು ಬಂದು ಹಿಡಿದುಕೊಂಡು ಹೋದರು. ಆರ್ಕುಟ್‌ನಲ್ಲಿ ಶಿವಾಜಿಯನ್ನು ಅವಮಾನಿಸಿದ ಚಿತ್ರ ಹಾಕಿದ್ದಾನೆ ಅನ್ನೋದು ಆರೋಪ. ಸಾಕ್ಷಿ? ಒಂದು ಐಪಿ ವಿಳಾಸ, ಅದರ ಜೊತೆ ಟೆಲಿಕಾಂ ಕಂಪನಿ ಕೊಟ್ಟ ಗ್ರಾಹಕನ ಹೆಸರು. ಕಂಪನಿ ಕೊಟ್ಟ ಮಾಹಿತಿ ತಪ್ಪಾಗಿತ್ತು, ಆ ಹೊತ್ತಿಗೆ ಆ ವಿಳಾಸ ಅವನದಾಗಿರಲೇ ಇಲ್ಲ. ಅದು ಸ್ಪಷ್ಟವಾಗಿ ಅವನು ಹೊರಬರುವಷ್ಟರಲ್ಲಿ 50 ದಿನ ಜೈಲಿನಲ್ಲಿ ಕಳೆದಿದ್ದ.

ಅಲ್ಲಿ ಪ್ರಾಕ್ಸಿ ಏನೂ ಇರಲಿಲ್ಲ, ಆದದ್ದು ದಾಖಲೆಯ ತಪ್ಪು. ಆದರೆ ಪಾಠ ನೇರವಾಗಿ ಅನ್ವಯಿಸುತ್ತೆ. ನಮ್ಮ ತನಿಖಾ ವ್ಯವಸ್ಥೆಯಲ್ಲಿ ಐಪಿ ವಿಳಾಸದಿಂದ ಗ್ರಾಹಕನ ಹೆಸರಿಗೆ, ಹೆಸರಿನಿಂದ ಮನೆ ಬಾಗಿಲಿಗೆ ಇರೋದು ಎರಡೇ ಹೆಜ್ಜೆ. ಆಗ ದಾಖಲೆ ತಪ್ಪಾಗಿತ್ತು, ತಪ್ಪು ಅಂತ ತೋರಿಸಿ ಬಿಡುಗಡೆಯಾಗಲು ಸಾಧ್ಯವಾಯ್ತು. ಪ್ರಾಕ್ಸಿಯ ವಿಷಯದಲ್ಲಿ ದಾಖಲೆ ಸರಿಯಾಗೇ ಇರುತ್ತೆ! ವಿನಂತಿ ನಿಜವಾಗಲೂ ನಿಮ್ಮ ಮನೆಯಿಂದಲೇ ಹೋಗಿರುತ್ತೆ. ಟಿವಿ ಬಾಕ್ಸ್ ಮಾಡಿದ್ದು ಸಾರ್, ನಾನಲ್ಲ ಅಂತ ಸ್ಟೇಷನ್ನಿನಲ್ಲಿ ಯಾರಿಗೆ ವಿವರಿಸ್ತೀರಿ?

ಇದರಲ್ಲಿ ಇನ್ನೊಂದು ವಿಪರ್ಯಾಸ ಇದೆ. 2022ರ ಏಪ್ರಿಲ್ 28ರಂದು ಸಿಇಆರ್‌ಟಿ-ಇನ್ ಹೊರಡಿಸಿದ ನಿರ್ದೇಶನದ ಪ್ರಕಾರ ವಿಪಿಎನ್, ವಿಪಿಎಸ್, ಕ್ಲೌಡ್ ಸೇವೆ ಕೊಡುವವರು ಗ್ರಾಹಕರ ಹೆಸರು, ವಿಳಾಸ, ಕೊಟ್ಟ ಐಪಿ ಎಲ್ಲವನ್ನೂ ಐದು ವರ್ಷ ಇಟ್ಟುಕೊಳ್ಳಬೇಕು. ಆ ನಿಯಮ ಅತಿಯಾಯ್ತು ಅಂತ ನನಗೂ ಅನ್ನಿಸುತ್ತೆ. ಅದನ್ನು ಒಪ್ಪದೆ ಹಲವು ವಿಪಿಎನ್ ಕಂಪನಿಗಳು ಭಾರತದಿಂದ ಸರ್ವರ್ ತೆಗೆದುಕೊಂಡು ಹೋದವು. ಬೋರ್ಡ್ ಹಾಕಿಕೊಂಡು ಅಂಗಡಿ ನಡೆಸುವವರಿಗೆ ಲೆಕ್ಕ ಬರೆಯಿರಿ ಅಂದೆವು. ಹಾಲ್‌ನಲ್ಲಿ ಟಿವಿ ಕೆಳಗೆ ಕೂತು ಅದೇ ಕೆಲಸ ಮಾಡುವ ಡಬ್ಬಿ ಯಾವ ಲೆಕ್ಕವನ್ನೂ ಬರೆಯಲ್ಲ.

ಈಗ ಇನ್ನೊಂದು ಬದಿಯನ್ನೂ ನ್ಯಾಯವಾಗಿ ಹೇಳಬೇಕು. ಮನೆ ವಿಳಾಸದ ಕಣ್ಣು ನಿಜವಾಗಲೂ ಬೇಕಾಗುವ ಒಳ್ಳೆಯ ಕೆಲಸಗಳಿವೆ. ಬ್ಯಾಂಕಿನ ಹೆಸರಲ್ಲಿ ನಕಲಿ ಸೈಟ್ ಮಾಡುವ ಎಷ್ಟೋ ವಂಚಕರು ಡೇಟಾ ಸೆಂಟರಿನಿಂದ ಬಂದವರಿಗೆ ಖಾಲಿ ಪುಟ ತೋರಿಸಿ, ಮನೆ ಅಥವಾ ಮೊಬೈಲ್ ಕನೆಕ್ಷನ್‌ನಿಂದ ಬಂದವರಿಗೆ ಮಾತ್ರ ಬಲೆ ಬಿಚ್ತಾರೆ. ಅಂಥದ್ದನ್ನು ಹಿಡಿಯಬೇಕಾದವರಿಗೆ ಸಾಮಾನ್ಯ ಮನೆಯಿಂದ ಹೋದ ಹಾಗೆ ಹೋಗಬೇಕಾಗುತ್ತೆ. ಸೈಟ್ ಒಂದು ಐಎಸ್‌ಪಿಯಲ್ಲಿ ತೆರೆಯುತ್ತೆ, ಇನ್ನೊಂದರಲ್ಲಿ ತೆರೆಯಲ್ಲ ಅನ್ನೋದು ಕೂಡ ನಮ್ಮ ದೇಶದಲ್ಲಿ ಮಾಮೂಲು. ಯಾವ ಐಎಸ್‌ಪಿ ಹೇಗೆ ತಡೆಯುತ್ತೆ ಅನ್ನೋದರಲ್ಲಿ ಎಷ್ಟು ವ್ಯತ್ಯಾಸ ಇದೆ ಅಂತ ಬೆಂಗಳೂರಿನ ಸೆಂಟರ್ ಫಾರ್ ಇಂಟರ್‌ನೆಟ್ ಆ್ಯಂಡ್ ಸೊಸೈಟಿಯ ಸಂಶೋಧಕರು ತೋರಿಸಿದ್ದಾರೆ. ಇಂಥ ಪರೀಕ್ಷೆಯನ್ನು ಡೇಟಾ ಸೆಂಟರಿನಲ್ಲಿ ಕೂತು ಮಾಡಕ್ಕಾಗಲ್ಲ. ಕಾನೂನು ಕೂಡ ಪೂರ್ತಿಯಾಗಿ ಒಂದೇ ಕಡೆ ಇಲ್ಲ. ಲಾಗಿನ್ ಆಗದೆ ಸಿಗುವ ಸಾರ್ವಜನಿಕ ಮಾಹಿತಿಯನ್ನು ತೆಗೆದುಕೊಳ್ಳೋದನ್ನು ಮೆಟಾದ ಷರತ್ತುಗಳು ತಡೆಯಲ್ಲ ಅಂತ 2024ರ ಜನವರಿಯಲ್ಲಿ ಅಮೆರಿಕದ ಕೋರ್ಟೊಂದು ಬ್ರೈಟ್ ಡೇಟಾ ಪರವಾಗಿ ಹೇಳಿತು. ಆ ಜಗಳದ ನಡುವೆಯೇ ಹೊರಬಂದ ತಮಾಷೆಯ ಸಂಗತಿ: ಬೇರೆ ಸೈಟುಗಳಿಂದ ಮಾಹಿತಿ ತೆಗೆಯಲು ಸ್ವತಃ ಮೆಟಾ ಅದೇ ಕಂಪನಿಯ ಗಿರಾಕಿಯಾಗಿತ್ತು.

ಆದರೆ ಮನೆಗಳ ಕಣ್ಣಿನಿಂದ ಇಂಟರ್‌ನೆಟ್ ನೋಡೋದಕ್ಕೆ ಮರ್ಯಾದೆಯ ದಾರಿಯೂ ಇದೆ. ಯುರೋಪಿನ ರೈಪ್ ಎನ್‌ಸಿಸಿ ಸಂಸ್ಥೆ 2010ರಿಂದ ರೈಪ್ ಅಟ್ಲಾಸ್ ನಡೆಸ್ತಿದೆ. ಆಸಕ್ತರು ತಾವಾಗಿ ಕೇಳಿ ಪಡೆದು, ಒಂದು ಪುಟ್ಟ ಸಾಧನವನ್ನು ಮನೆಯ ರೌಟರಿಗೆ ಸಿಕ್ಕಿಸ್ತಾರೆ. ಅದು ಪಿಂಗ್, ಟ್ರೇಸ್‌ರೂಟ್, ಡಿಎನ್‌ಎಸ್, ಸರ್ಟಿಫಿಕೇಟ್ ಪರೀಕ್ಷೆಯಂಥ ಎಣಿಕೆಯ ಕೆಲಸಗಳನ್ನಷ್ಟೇ ಮಾಡುತ್ತೆ. ಅದರ ಮೂಲಕ ಯಾರೂ ಯಾರದೋ ಬ್ಯಾಂಕಿಗೆ ಲಾಗಿನ್ ಆಗಲು ಬರಲ್ಲ. ಬದಲಿಗೆ ಆತಿಥೇಯರಿಗೆ ಕ್ರೆಡಿಟ್ ಸಿಗುತ್ತೆ, ಅದರಿಂದ ಅವರೂ ಬೇರೆಯವರ ಸಾಧನಗಳಿಂದ ಅಳತೆ ಮಾಡಬಹುದು. ಸೈಟುಗಳನ್ನು ಎಲ್ಲೆಲ್ಲಿ ತಡೆದಿದ್ದಾರೆ ಅಂತ ನೋಡುವ ಊನಿ ಅನ್ನುವ ಯೋಜನೆಯೂ ಹೀಗೇ, ಸ್ವಯಂಸೇವಕರು ಅಪಾಯ ತಿಳಿದು ಆ್ಯಪ್ ಹಾಕಿಕೊಳ್ತಾರೆ. ಅಲ್ಲಿಯೂ ಮನೆ ಇದೆ, ಇಲ್ಲಿಯೂ ಮನೆ ಇದೆ. ಅಲ್ಲಿ ಮನೆಯವರು ಪಾಲುದಾರರು, ಏನು ನಡೆಯುತ್ತೆ ಅಂತ ಅವರಿಗೆ ಗೊತ್ತು, ಏನು ನಡೆಯಬಾರದು ಅನ್ನೋದಕ್ಕೆ ಗೋಡೆ ಇದೆ. ‘ನೈತಿಕ ಮೂಲದ ಪ್ರಾಕ್ಸಿ’ ಅಂತ ಹಣೆಪಟ್ಟಿ ಹಚ್ಚಿಕೊಂಡವರನ್ನು ಅಳೆಯೋದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಅಳತೆಗೋಲು ಸಿಕ್ಕಿಲ್ಲ. ಗೇಮ್ ಒಂದರ ಷರತ್ತುಗಳಲ್ಲಿ ಹೂತಿಟ್ಟ ಒಂದು ಸಾಲು ಒಪ್ಪಿಗೆ ಆಗಲ್ಲ.

ಇಷ್ಟೆಲ್ಲಾ ನನಗ್ಯಾಕೆ ಅಂದರೆ, ಈ ವ್ಯಾಪಾರದ ಬಿಲ್ಲು ನನ್ನಂಥವರ ಮೇಜಿಗೂ ಬರುತ್ತೆ. ನಾನು ಪುಕ್ಕಟೆಯಾಗಿ ನೋಡಿಕೊಳ್ಳುವ ಒಂದು ಸಣ್ಣ ಕನ್ನಡ ಸೈಟ್ ಇದೆ. ಹಳೆಯ ಲೇಖನಗಳು, ಕೆಲವು ಸ್ಕ್ಯಾನ್ ಮಾಡಿದ ಪುಟಗಳು. ದಿನಕ್ಕೆ ಕೆಲವು ನೂರು ಓದುಗರು. ಒಂದು ವಾರ ಅದು ಏದುಸಿರು ಬಿಡ್ತಿತ್ತು. ಲಾಗ್ ತೆಗೆದು ನೋಡಿದರೆ ಸಾವಿರಾರು ವಿಳಾಸ, ಪ್ರತಿಯೊಂದರಿಂದಲೂ ಒಂದು ಅಥವಾ ಎರಡೇ ವಿನಂತಿ. ವಿಯೆಟ್ನಾಂ, ಬ್ರೆಜಿಲ್, ಇಂಡೋನೇಷ್ಯಾ, ನಮ್ಮ ದೇಶದ್ದೂ. ಎಲ್ಲಾ ಮನೆ ಕನೆಕ್ಷನ್ನು. ಹಳೆಯ ಕಾಲದ ಬಾಟ್ ಆದರೆ ಒಂದೇ ವಿಳಾಸದಿಂದ ಬಡಿಯುತ್ತಿತ್ತು, ಒಂದು ಸಾಲು ಬರೆದು ಮುಚ್ಚಬಹುದಿತ್ತು. ಇದನ್ನು ಹೇಗೆ ಮುಚ್ಚೋದು? ಆ ಪಟ್ಟಿಯಲ್ಲಿ ಶಿರಸಿಯಿಂದಲೋ ಸಿಂಗಾಪುರದಿಂದಲೋ ಓದಲು ಬಂದ ನಿಜವಾದ ಮನುಷ್ಯನೂ ಇರಬಹುದಲ್ಲ. ಕೊನೆಗೆ ಎಲ್ಲರ ಮುಂದೆಯೂ ‘ನೀವು ಮನುಷ್ಯರೇ?’ ಅನ್ನುವ ಪರೀಕ್ಷೆ ಇಡಬೇಕಾಯ್ತು. ಎಪ್ಪತ್ತು ದಾಟಿದ ಓದುಗರೊಬ್ಬರು ಫೋನ್ ಮಾಡಿ, ‘ಏನಪ್ಪಾ, ಲೇಖನ ಓದೋಕೆ ಮೊದ್ಲು ಟ್ರಾಫಿಕ್ ಲೈಟು ಆರಿಸು ಅಂತೀಯಲ್ಲ’ ಅಂದರು. ನನ್ನ ಬಳಿ ಒಳ್ಳೆಯ ಉತ್ತರ ಇರಲಿಲ್ಲ.

ಇದು ದೊಡ್ಡವರಿಗೂ ತಪ್ಪಿದ್ದಲ್ಲ. ಬಾಟುಗಳ ಕಾರಣ ಚಿತ್ರ, ವಿಡಿಯೋಗಳ ಡೌನ್‌ಲೋಡ್ ಬ್ಯಾಂಡ್‌ವಿಡ್ತ್ 2024ರ ಜನವರಿಯಿಂದ ಶೇ. 50ರಷ್ಟು ಏರಿದೆ ಅಂತ ವಿಕಿಪೀಡಿಯ ನಡೆಸುವ ವಿಕಿಮೀಡಿಯ ಫೌಂಡೇಷನ್ 2025ರ ಏಪ್ರಿಲ್‌ನಲ್ಲಿ ಹೇಳಿತು. ಅವರಿಗೆ ಇಂಜಿನಿಯರುಗಳಿದ್ದಾರೆ. ವರ್ಷಕ್ಕೆ ಕೆಲವು ಸಾವಿರ ರೂಪಾಯಿಯ ಶೇರ್ಡ್ ಹೋಸ್ಟಿಂಗಿನಲ್ಲಿ ಉಸಿರಾಡುವ ಕನ್ನಡದ ಸೈಟುಗಳಿಗೆ ಯಾರಿದ್ದಾರೆ?

ಮೊದಲು ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ, ಈ ಸರಕಿನ ಬೆಲೆ ಇರೋದು ಮನೆಗಿರುವ ಮರ್ಯಾದೆಯಲ್ಲಿ ಅಂತ. ಆ ಮರ್ಯಾದೆ ಬಂದಿದ್ದು ಹೇಗೆ? ಮನೆಯಿಂದ ಬಂದವರು ಬಹುತೇಕ ಮನುಷ್ಯರೇ ಆಗಿದ್ದರು, ಅದಕ್ಕೆ. ಅದು ಕೋಟ್ಯಂತರ ಜನ ಸುಮ್ಮನೆ ತಮ್ಮ ಪಾಡಿಗೆ ತಾವು ಇಂಟರ್‌ನೆಟ್ ಬಳಸಿ ಕೂಡಿಟ್ಟ ಆಸ್ತಿ. ಪ್ರಾಕ್ಸಿ ವ್ಯಾಪಾರ ಅದನ್ನು ಜಿಬಿ ಲೆಕ್ಕದಲ್ಲಿ ಕರಗಿಸಿ ಮಾರುತ್ತೆ. ಕರಗಿದಷ್ಟೂ ನಮಗೆಲ್ಲ ಕ್ಯಾಪ್ಚಾ ಹೆಚ್ಚುತ್ತೆ, ಬ್ಯಾಂಕಿನ ಆ್ಯಪ್ ‘ಸಂದೇಹಾಸ್ಪದ ಚಟುವಟಿಕೆ’ ಅನ್ನುತ್ತೆ, ಒಂದೇ ಐಪಿ ಹಂಚಿಕೊಂಡ ಅಪಾರ್ಟ್‌ಮೆಂಟಿನಲ್ಲಿ ಮೂರನೇ ಮಹಡಿಯ ಟಿವಿ ಬಾಕ್ಸ್ ಮಾಡಿದ ತಪ್ಪಿಗೆ ಐದನೇ ಮಹಡಿಯವರ ವಿನಂತಿ ತಿರಸ್ಕೃತವಾಗುತ್ತೆ. ಸೈಟ್ ನಡೆಸುವವರೇ ಇದನ್ನು ಕೊಳ್ಳೋದು ಅಂದರೆ ಕೂತ ಕೊಂಬೆಯನ್ನೇ ಕಡಿದ ಹಾಗೆ. ಇವತ್ತು ನೂರೈವತ್ತು ಡೊಮೇನಿಗೆ ಮುಖವಾಡ ಕೊಂಡವನ ಸೈಟಿಗೆ ನಾಳೆ ಅದೇ ಮುಖವಾಡ ಹಾಕಿಕೊಂಡೇ ಬಾಟ್ ಬರುತ್ತೆ. ಆಗ ಯಾರು ಮನೆ, ಯಾರು ಮುಖವಾಡ ಅಂತ ಹೇಳುವ ಗುರುತು ಅವನ ಕೈಯಲ್ಲೂ ಉಳಿದಿರಲ್ಲ.

ಹಾಗಾಗಿ ನನ್ನ ತೀರ್ಪು ಇಷ್ಟು. ನಿಮ್ಮ ಸೈಟು, ಡೊಮೇನಿನ ಮಟ್ಟಿಗೆ ಈ ಸರಕು ಬೇಡ. ಆ ದುಡ್ಡಲ್ಲಿ ಒಂದು ಸಣ್ಣ ವಿಪಿಎಸ್ ತೆಗೆದುಕೊಂಡು ಬೇರೆ ಊರಿನಿಂದ ಸೈಟ್ ತೆರೆಯುತ್ತಾ ಅಂತ ನೋಡಿ. ರಿಜಿಸ್ಟ್ರಾರ್ ಖಾತೆಗೆ ಟು-ಫ್ಯಾಕ್ಟರ್ ಹಾಕಿ, ಟ್ರಾನ್ಸ್‌ಫರ್ ಲಾಕ್ ಆನ್ ಇದೆಯಾ ನೋಡಿ, ಆಟೋ ರಿನ್ಯೂವಲ್‌ಗೆ ಕೊಟ್ಟ ಕಾರ್ಡು ಎಕ್ಸ್‌ಪೈರ್ ಆಗಿದೆಯಾ ನೋಡಿ, ಡೊಮೇನ್ ಏಜೆನ್ಸಿಯವನ ಹೆಸರಲ್ಲಿ ಅಲ್ಲದೆ ನಿಮ್ಮ ಹೆಸರಲ್ಲೇ ಇದೆಯಾ ಅಂತ ಇವತ್ತೇ ನೋಡಿ. ಡೊಮೇನ್ ಕಳೆದುಕೊಂಡು ನನ್ನ ಬಳಿ ಬಂದವರೆಲ್ಲ ಎಡವಿದ್ದು ಇಂಥ ಸಪ್ಪೆ ವಿಷಯಗಳಲ್ಲೇ. ಯಾರೂ ‘ಪ್ರಾಕ್ಸಿ ಇರಲಿಲ್ಲ, ಅದಕ್ಕೆ ಹೋಯ್ತು’ ಅಂದಿಲ್ಲ.

ಆಮೇಲೆ ಮನೆಯಲ್ಲಿ ಒಂದು ಸುತ್ತು ಹಾಕಿ. ಫೋನಿನಲ್ಲಿ ಯಾವತ್ತೋ ಹಾಕಿದ ಉಚಿತ ವಿಪಿಎನ್ ಇನ್ನೂ ಇದೆಯಾ? ಟಿವಿ ಹಿಂದಿನ ಆ ಡಬ್ಬಿ ಯಾವ ಕಂಪನಿಯದು, ಅದಕ್ಕೆ ಗೂಗಲ್ ಮಾನ್ಯತೆ ಇದೆಯಾ? ಊರಿಗೆ ಹೋದಾಗ ಅಲ್ಲಿಯೂ ನೋಡಿ. ಕನೆಕ್ಷನ್ ಇರೋದು ಬಹುಶಃ ಅಪ್ಪನ ಹೆಸರಲ್ಲಿ. ಪೊಲೀಸರು ಯಾವತ್ತಾದರೂ ಬಂದರೆ ಕೇಳೋದೂ ಅವರನ್ನೇ.